ಸಾಕಿ ಬಿಟ್ಟ ಬೆಕ್ಕು

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಮನೆಯ ಬೆಕ್ಕು ಮರಿ ಹಾಕಿತೆಂದರೆ, ಒಂದೆರಡನ್ನು ಉಳಿಸಿಕೊಂಡು ಮಿಕ್ಕವನ್ನು ಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುವುದು ಅಪರೂಪವೇನಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿ, ಕಬ್ಬಿನ ಗದ್ದೆಯ ಬದು, ಆಲೆಮನೆಯ ಆಸುಪಾಸು - ಇವು ಆ ಮರಿಗಳ ಪಾಲಿಗೆ ಬರುವ ನೆಲೆಗಳು. ಕೊಲ್ಲಲಿಲ್ಲ, ಬದುಕಿಕೊಳ್ಳಲೆಂದು ಬಿಟ್ಟೆವು ಎಂಬ ಸಮಾಧಾನ ನಮಗೆ. ಇಲಿ ಹಿಡಿದು ರೈತನಿಗೆ ಉಪಕಾರವನ್ನೂ ಮಾಡೀತೆಂಬ ನಂಬಿಕೆ ಬೇರೆ. ಇವೆರಡಕ್ಕೂ ಎಷ್ಟು ಆಧಾರವಿದೆಯೆಂಬುದನ್ನು ಪರಿಶೀಲಿಸೋಣ.

ಮನೆಬೆಕ್ಕು ಆಫ್ರಿಕದ ಒಂದು ಕಾಡುಬೆಕ್ಕಿನ ಜಾತಿಯಿಂದ ಬಂದುದು. ಸಾವಿರಾರು ವರ್ಷ ಮನುಷ್ಯನ ಒಡನಾಟದಲ್ಲಿದ್ದರೂ ಅದರ ದೇಹ ಬೇಟೆಗಾರನ ದೇಹವಾಗಿಯೇ ಉಳಿದಿದೆ. ಸೆಕೆಂಡಿಗೆ ೨೦,೦೦೦ ಕಂಪನಗಳನ್ನು ಮೀರಿದ ಶಬ್ದ ನಮ್ಮ ಕಿವಿಗೆ ಕೇಳಿಸದು. ಬೆಕ್ಕಿನ ಕಿವಿ ೬೦,೦೦೦ ಕಂಪನಗಳ ಶಬ್ದವನ್ನೂ ಗ್ರಹಿಸುತ್ತದೆ. ಇಲಿಮರಿಗಳು ತಾಯಿಯನ್ನು ಕೂಗುವ, ನಮಗೆ ಕೇಳಿಸದ ದನಿ ಅದಕ್ಕೆ ಕೇಳಿಸುತ್ತದೆ. ಅಕ್ಷಿಪಟದ ಹಿಂದೆ ಕನ್ನಡಿಯಂಥ ಪದರವೊಂದಿದ್ದು, ಒಮ್ಮೆ ಹಾದುಹೋದ ಬೆಳಕನ್ನು ಮತ್ತೆ ಅಕ್ಷಿಪಟಕ್ಕೆ ಹಿಂದಿರುಗಿಸುತ್ತದೆ. ಕತ್ತಲಲ್ಲಿ ಅದರ ಕಣ್ಣು ಹೊಳೆಯುವುದು ಇದರಿಂದಲೇ. ಟಾರಿನ್ ಎಂಬ ಪದಾರ್ಥವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ನಾವು ಪ್ರೀತಿಯಿಂದ ಹಾಕುವ ಹಾಲು ಅನ್ನ ಬೆಕ್ಕಿಗೆ ಪೂರ್ಣಾಹಾರವಲ್ಲ. ಹೊಟ್ಟೆ ತುಂಬಿದ ಬೆಕ್ಕು ಕೂಡ ಬೇಟೆಯಾಡುವುದುಂಟು.

ಭಕ್ಷಕ ಪ್ರಾಣಿಗೂ ಅದರ ಭಕ್ಷ್ಯಕ್ಕೂ ಪ್ರಕೃತಿಯಲ್ಲಿ ಒಂದು ಲೆಕ್ಕಾಚಾರವಿದೆ. ಇಟಲಿಯ ಗಣಿತಜ್ಞ ವೀಟೊ ವೋಲ್ಟೆರಾ ೧೯೨೬ರಲ್ಲಿ, ಏಡ್ರಿಯಾಟಿಕ್ ಸಮುದ್ರದ ಮೀನುಗಳ ವಿಚಾರವಾಗಿ ಆಲೋಚಿಸುತ್ತ, ಇದನ್ನು ಸಮೀಕರಣಗಳಲ್ಲಿ ನಿರೂಪಿಸಿದನು. ಅದರ ಸಾರವಿಷ್ಟು: ಭಕ್ಷ್ಯ ಹೆಚ್ಚಿದರೆ ಭಕ್ಷಕಗಳು ಹೆಚ್ಚುತ್ತವೆ, ಅವು ಹೆಚ್ಚಿದಂತೆ ಭಕ್ಷ್ಯ ಕಡಿಮೆಯಾಗುತ್ತದೆ, ಆಗ ಹಸಿವಿನಿಂದ ಭಕ್ಷಕಗಳ ಸಂಖ್ಯೆಯೂ ಇಳಿಯುತ್ತದೆ, ಉಳಿದ ಭಕ್ಷ್ಯ ಮತ್ತೆ ಚೇತರಿಸಿಕೊಳ್ಳುತ್ತದೆ. ಗಡಿಯಾರದ ಲೋಲಕ ಅತ್ತ ಹೋದಷ್ಟೂ ಇತ್ತ ಸೆಳೆಯಲ್ಪಡುವಂತೆ ಇದು. ಗದ್ದೆಯಲ್ಲಿರುವ ಗೂಬೆ, ಕೇರೆಹಾವು, ನಮ್ಮ ನಾಡಿನ ಕಾಡುಬೆಕ್ಕು ಬಹುಮಟ್ಟಿಗೆ ಈ ನಿಯಮಕ್ಕೆ ಒಳಪಟ್ಟಿವೆ.

ಸಾಕಿ ಬಿಟ್ಟ ಬೆಕ್ಕು ಮಾತ್ರ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಹಕ್ಕಿ ಸಿಗದ ದಿನ ಅದು ಹೋಟೆಲಿನ ಹಿತ್ತಲಿಗೋ ಮಾಂಸದಂಗಡಿಯ ಬಾಗಿಲಿಗೋ ಸಂತೆಯ ಕಸಕ್ಕೋ ಹೋಗುತ್ತದೆ. ಮರಿಗಳಲ್ಲಿ ಬಹಳಷ್ಟು ಸಾಯುತ್ತವೆ, ನಿಜ. ಅಮೆರಿಕದಲ್ಲಿ ಬೀದಿಬೆಕ್ಕುಗಳನ್ನು ಕುರಿತು ೨೦೦೪ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ೭೫ ಮರಿಗಳು ಆರು ತಿಂಗಳು ತುಂಬುವುದರೊಳಗೆ ಸತ್ತುವು, ಇಲ್ಲವೆ ಕಾಣೆಯಾದುವು. ಬದುಕಿಕೊಳ್ಳಲೆಂದು ಬಿಟ್ಟೆವೆಂಬ ಸಮಾಧಾನ ಇಲ್ಲಿಗೆ ಮುಗಿಯಿತು. ಆದರೆ ಸತ್ತವುಗಳ ಸ್ಥಾನವನ್ನು ಮುಂದಿನ ಚೀಲ ತುಂಬುತ್ತದೆ. ಹೀಗೆ ಭಕ್ಷ್ಯ ಇಳಿದರೂ ಭಕ್ಷಕ ಇಳಿಯುವುದಿಲ್ಲ, ಲೋಲಕ ಹಿಂದಿರುಗುವುದಿಲ್ಲ.

ಇದರ ಫಲವೇನು? ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪಕ್ಕೆ ೧೮೯೪ರ ಸುಮಾರಿಗೆ ದೀಪಸ್ತಂಭದವರೊಡನೆ ಬೆಕ್ಕು ಬಂದಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಹಾರಲಾರದ ಪುಟ್ಟ ಹಕ್ಕಿಯೊಂದು ಇಲ್ಲವಾಯಿತು. ೨೦೧೬ರಲ್ಲಿ ಪ್ರಕಟವಾದ ಗಣನೆಯಂತೆ ಹಕ್ಕಿ, ಸಸ್ತನಿ, ಸರೀಸೃಪಗಳ ೬೩ ಜಾತಿಗಳ ಅಳಿವಿನಲ್ಲಿ ಬೆಕ್ಕಿನ ಪಾಲಿದೆ. ಇವುಗಳಲ್ಲಿ ಹೆಚ್ಚಿನವು ದ್ವೀಪದ ಜೀವಿಗಳು. ಮಂಡ್ಯ ದ್ವೀಪವಲ್ಲವೆಂದು ಓದುಗರು ಹೇಳಬಹುದು. ಆದರೆ ಸುತ್ತಲೂ ಗದ್ದೆ, ರಸ್ತೆ, ಮನೆಗಳಾಗಿ ನಡುವೆ ಉಳಿದ ಒಂದು ತುಂಡು ಕುರುಚಲು, ಅಲ್ಲಿಯ ಓತಿಕ್ಯಾತನ ಪಾಲಿಗೆ ದ್ವೀಪವೇ ಸರಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಕಾಪಾಡಿಕೊಂಡು ಬಂದ ಈ ನೆಲೆ ೨೦೦೭ರಲ್ಲಿ ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಬೆಳೆದ ಹೆಜ್ಜಾರ್ಲೆ ಬೆಕ್ಕಿನ ಕೈಗೆ ಸಿಗುವ ಹಕ್ಕಿಯಲ್ಲ. ಅಪಾಯವಿರುವುದು ಯಾರೂ ದೂರದಿಂದ ಬಂದು ನೋಡದ ಸಣ್ಣ ಜೀವಿಗಳಿಗೆ: ನೆಲದಲ್ಲಿ ಮೊಟ್ಟೆಯಿಡುವ ನೆಲಗುಬ್ಬಿ, ಗೌಜಲ, ಬೇಲಿಯಲ್ಲಿ ಗೂಡು ಕಟ್ಟುವ ಪಿಕಳಾರ, ಹಾವುರಾಣಿ, ಅಳಿಲು. ಮಳವಳ್ಳಿಯ ಆಚೆ, ಮುತ್ತತ್ತಿಯ ಸುತ್ತಿನ ಕಾವೇರಿ ವನ್ಯಧಾಮದಂಥ ಕಾಡಿನಂಚಿನಲ್ಲಿ ಇನ್ನೊಂದು ತೊಡಕುಂಟು: ಮನೆಬೆಕ್ಕಿನ ಕೆಲವು ಸಾಂಕ್ರಾಮಿಕ ರೋಗಗಳು ಕಾಡಿನ ಬೆಕ್ಕುಗಳಿಗೂ ತಗಲಬಲ್ಲವು.

ಇಲಿಯ ಮಾತೇನು? ನ್ಯೂಯಾರ್ಕಿನ ಕಸ ಸಂಸ್ಕರಣೆಯ ಕೇಂದ್ರವೊಂದರಲ್ಲಿ ೭೯ ದಿನ ನಡೆದ ವೀಕ್ಷಣೆಯಲ್ಲಿ ಬೆಕ್ಕುಗಳು ಇಲಿಗಳನ್ನು ಕೊಂದದ್ದು ಎರಡೇ ಸಲವೆಂದು ೨೦೧೮ರಲ್ಲಿ ವರದಿಯಾಯಿತು. ಚುಂಡಿಲಿಯನ್ನು ಬೆಕ್ಕು ಹಿಡಿದೀತು. ಎದುರಿಸಿ ಕಚ್ಚುವ ಹೆಗ್ಗಣಕ್ಕಿಂತ ಗೂಡಿನಿಂದ ಆಗತಾನೆ ಇಳಿದ ಹಕ್ಕಿಮರಿ ಅದಕ್ಕೆ ಸುಲಭ.

ಇದರಲ್ಲಿ ಬೆಕ್ಕಿನ ತಪ್ಪೇನೂ ಇಲ್ಲ. ಅದನ್ನು ಹೊಡೆಯುವುದಾಗಲಿ ವಿಷವಿಡುವುದಾಗಲಿ ಪರಿಹಾರವಲ್ಲ. ಪರಿಹಾರವಿರುವುದು ಚೀಲ ಕಟ್ಟುವುದಕ್ಕೆ ಮೊದಲೇ. ಬೆಕ್ಕಿಗೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ರಾತ್ರಿ ಮನೆಯೊಳಗೆ ಇರಿಸಿಕೊಳ್ಳಬಹುದು. ಹಾಲು ಅನ್ನದ ಜೊತೆಗೆ ತಕ್ಕ ಆಹಾರ ಕೊಡಬಹುದು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ನಾಲೆಯ ಏರಿಯ ಮೇಲೆ ಚೀಲದ ಬಾಯಿ ಬಿಚ್ಚುವಾಗ ನಾವು ಮರಿಗಳನ್ನು ಪ್ರಕೃತಿಗೆ ಒಪ್ಪಿಸುತ್ತಿಲ್ಲ. ಪ್ರಕೃತಿಯ ಲೆಕ್ಕದಲ್ಲಿಲ್ಲದ ಒಂದು ಸಂಖ್ಯೆಯನ್ನು ಅಲ್ಲಿ ಕೂಡಿಸುತ್ತಿದ್ದೇವೆ.