ಪ್ರದರ್ಶನ ಮುಗಿದ ಮೇಲಿನ ದಿನಗಳು

ಒಂದೂವರೆ ತಿಂಗಳು ತಾಲೀಮು, ಎರಡು ಪ್ರದರ್ಶನ, ಆಮೇಲೆ ಏನೂ ಇಲ್ಲ. ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ಎಷ್ಟೋ ನಟನಟಿಯರ ಲೆಕ್ಕ ಇಷ್ಟೇ. ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಬೆವರಿ, ಏಳು ಗಂಟೆಗೆ ಯಾವುದೋ ಶಾಲೆಯ ಹಾಲ್‌ಗೋ ಗೆಳೆಯನ ಮನೆಯ ತಾರಸಿಗೋ ಬಂದು ಮುಟ್ಟುತ್ತಾರೆ. ಹತ್ತು ಗಂಟೆಗೆ ಕೊನೆಯ ಬಸ್ಸಿಗೆ ಓಡುತ್ತಾರೆ. ಮಾತು ಬಾಯಿಗೆ ಬಂದು, ಎದುರು ಪಾತ್ರದವರ ಓಘ ತಿಳಿದು, ಪಾತ್ರ ಈಗಷ್ಟೇ ಮೈಗೆ ಹತ್ತುತ್ತಿದೆ ಅನ್ನುವಷ್ಟರಲ್ಲಿ ನಾಟಕವೇ ಮುಗಿದಿರುತ್ತದೆ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಒಂದು ಸಂಜೆ, ಅದೃಷ್ಟವಿದ್ದರೆ ಜೆ.ಪಿ. ನಗರದ ರಂಗಶಂಕರದಲ್ಲಿ ಇನ್ನೊಂದು. ಟಿಕೆಟ್ಟಿನ ದುಡ್ಡು ಸಭಾಂಗಣದ ಬಾಡಿಗೆ, ಬೆಳಕು, ಸೆಟ್ಟಿನ ಸಾಗಾಟಕ್ಕೆ ಕರಗುತ್ತದೆ. ಸಾಲದಿದ್ದರೆ ತಂಡದವರೇ ಕೈಯಿಂದ ಹಾಕುತ್ತಾರೆ.

ದುಡ್ಡಿಲ್ಲ ಅನ್ನುವುದು ನಾಟಕಕ್ಕೆ ಬರುವ ಮೊದಲೇ ಎಲ್ಲರಿಗೂ ಗೊತ್ತಿರುವ ಸಂಗತಿ. ನಟರನ್ನು ಒಳಗಿನಿಂದ ಸೋಲಿಸುವುದು ಎರಡು ನಾಟಕಗಳ ನಡುವಿನ ಖಾಲಿ ತಿಂಗಳುಗಳು. ಮನೆಯಲ್ಲಿ 'ಇನ್ನೂ ಎಷ್ಟು ವರ್ಷ ಇದು?' ಎಂಬ ಪ್ರಶ್ನೆ ಏಳುವುದೂ ಆಗಲೇ. ದಶಕಗಟ್ಟಲೆ ರಂಗದಲ್ಲಿ ಉಳಿದವರು ಆ ತಿಂಗಳುಗಳನ್ನು ಹೇಗೆ ಕಳೆದರು ಎಂದು ನೋಡಿದರೆ ಕಲಿಯುವುದು ಬಹಳ ಇದೆ.

ಸಿನಿಮಾ ಕರೆಯುತ್ತದೆ ಎಂದು ಕಾದು ಕುಳಿತವರ ಸಂಖ್ಯೆ ದೊಡ್ಡದು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅವರ ಹೆಸರುಗಳು ತಾಲೀಮಿನ ಬಿಡುವಿನ ಚಹಾದ ಜೊತೆ ಬಂದೇ ಬರುತ್ತವೆ. ಆದರೆ ಲೋಕನಾಥ್ ಅವರ ಕಥೆಯನ್ನೂ ಅಲ್ಲಿ ಹೇಳಬೇಕು. 1927ರಲ್ಲಿ ಹುಟ್ಟಿದ ಅವರು ಮನೆತನದ ಬಟ್ಟೆ ವ್ಯಾಪಾರ ನೋಡಿಕೊಳ್ಳುತ್ತಲೇ ವರ್ಷಗಟ್ಟಲೆ ಹವ್ಯಾಸಿ ನಾಟಕ ಆಡಿದರು. 1970ರ 'ಸಂಸ್ಕಾರ'ದಲ್ಲಿ ತೆರೆಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. 'ಭೂತಯ್ಯನ ಮಗ ಅಯ್ಯು' ಚಿತ್ರದ ಉಪ್ಪಿನಕಾಯಿ ದೃಶ್ಯವನ್ನು ಇಂದಿಗೂ ನೆನೆದು ನಗುವವರಿಗೆ, ಅದರ ಹಿಂದಿದ್ದ ವೇದಿಕೆಯ ಅಷ್ಟೂ ವರ್ಷಗಳ ಪಳಗು ಕಾಣುವುದಿಲ್ಲ. ಆ ವರ್ಷಗಳನ್ನು ಸಿನಿಮಾಕ್ಕೆ ಕಾದ ವರ್ಷಗಳೆಂದು ಕರೆದರೆ ತಪ್ಪಾಗುತ್ತದೆ. ಅವು ನಾಟಕ ಆಡಿದ ವರ್ಷಗಳು.

ಸಿನಿಮಾ ಸಿಕ್ಕವರಿಗೂ ನಾಟಕವೇ ಆಸರೆಯಾದ ಕಾಲವಿತ್ತು. 1954ರಲ್ಲಿ 'ಬೇಡರ ಕಣ್ಣಪ್ಪ' ಗೆದ್ದ ಮೇಲೂ ಕನ್ನಡದಲ್ಲಿ ತಯಾರಾಗುತ್ತಿದ್ದ ಚಿತ್ರಗಳೇ ಕಡಿಮೆ. ಕೆಲಸವಿಲ್ಲದೆ ಮದರಾಸಿನಲ್ಲಿ ಕೂರುವ ಬದಲು ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿ ಊರೂರಲ್ಲಿ ನಾಟಕ ಆಡಿದರು. ಅದೇ ನಾಲ್ವರು ಮುಂದೆ 1960ರಲ್ಲಿ 'ರಣಧೀರ ಕಂಠೀರವ' ನಿರ್ಮಿಸಿದರು. ಕಂಪನಿ ನಾಟಕದ ಗರಡಿಯಲ್ಲಿ ಬೆಳೆದವರಾದ್ದರಿಂದ ಅವಕಾಶ ಇಲ್ಲದಾಗ ತಾವೇ ಪರದೆ ಕಟ್ಟುವುದು ಅವರಿಗೆ ಗೊತ್ತಿತ್ತು.

ಈ ಪರದೆ ಕಟ್ಟುವ ವಿದ್ಯೆಯನ್ನು ಇಂದಿಗೂ ಗಟ್ಟಿಯಾಗಿ ಕಲಿಸುವುದು ಹೆಗ್ಗೋಡಿನ ನೀನಾಸಂ ತಿರುಗಾಟ. 1949ರಲ್ಲಿ ಹುಟ್ಟಿದ ಸಂಸ್ಥೆ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಮಳೆಗಾಲವೆಲ್ಲ ತಾಲೀಮು ಮಾಡಿ, ಮಳೆ ಹಿಂದಾಗುತ್ತಿದ್ದಂತೆ ಎರಡೋ ಮೂರೋ ನಾಟಕ ಹೊತ್ತು ತಂಡ ಹೊರಡುತ್ತದೆ. ಬೆಳಿಗ್ಗೆ ಒಂದು ಊರು ಮುಟ್ಟಿದರೆ ಮೊದಲು ಆಗುವುದು ಸಾಮಾನು ಇಳಿಸುವ ಕೆಲಸ. ರಾತ್ರಿ ರಾಜನಾಗುವವನು ಹಗಲು ಪ್ಲೈವುಡ್ ಹಲಗೆ ಹೊರುತ್ತಾನೆ. ನಾಯಕಿ ಕಬ್ಬಿಣದ ಪೆಟ್ಟಿಗೆ ತೆರೆದು ಉಡುಪಿನ ಸುಕ್ಕು ತೆಗೆಯುತ್ತಾಳೆ. ಒಬ್ಬ ಏಣಿ ಹತ್ತಿ ಸ್ಪಾಟ್‌ಲೈಟಿನ ಕೋನ ಸರಿಪಡಿಸುತ್ತಿದ್ದರೆ, ಕೆಳಗೆ ಇನ್ನೊಬ್ಬಳು ವೇದಿಕೆಯ ಮಧ್ಯೆ ನಿಂತು ಬೆಳಕು ಮುಖಕ್ಕೆ ಬೀಳುತ್ತಿದೆಯೇ ಎಂದು ಹೇಳುತ್ತಾಳೆ. ಮೂಲೆಯಲ್ಲಿ ಹಾರ್ಮೋನಿಯಂ ಜೊತೆ ಹಾಡಿನ ತಾಲೀಮು. ಊಟ, ಗಳಿಗೆ ಹೊತ್ತು ನಿದ್ದೆ, ಮೇಕಪ್ಪು, ಆಟ. ಪ್ರೇಕ್ಷಕರು ಎದ್ದುಹೋಗುವ ಮೊದಲೇ ಬಿಚ್ಚುವ ಕೆಲಸ ಶುರು.

ಇಲ್ಲಿ ಖಾಲಿ ಕೂರಲು ಪುರುಸೊತ್ತಿಲ್ಲ. ನಿನ್ನೆ ಮುಖ್ಯ ಪಾತ್ರ ಮಾಡಿದವರು ಇವತ್ತಿನ ನಾಟಕದಲ್ಲಿ ಮೇಳದ ಸಾಲಿನಲ್ಲಿ ನಿಂತಿರುತ್ತಾರೆ. ಚಿಕ್ಕ ಪಾತ್ರ ಸಿಕ್ಕಿತೆಂಬ ಕೊರಗು ಮೂರನೇ ಊರಿನ ಹೊತ್ತಿಗೆ ಕರಗಿರುತ್ತದೆ, ಏಕೆಂದರೆ ಒಂದು ಆಟಕ್ಕೆ ಎಷ್ಟು ಕೈ ಬೇಕು ಎಂಬುದು ಬೆನ್ನಿನ ನೋವಿನಿಂದಲೇ ತಿಳಿದಿರುತ್ತದೆ. ಸಾಣೇಹಳ್ಳಿಯ ಶಿವಸಂಚಾರವೂ 1997ರಿಂದ ಹೀಗೆಯೇ ಊರೂರು ಸುತ್ತುತ್ತಿದೆ. ಈ ಎರಡೂ ತಂಡಗಳಲ್ಲಿ ಒಂದೆರಡು ವರ್ಷ ತಿರುಗಿದವರನ್ನು ರಂಗಭೂಮಿಯಲ್ಲಿ ಬೇಗ ಗುರುತಿಸಬಹುದು: ಪಾತ್ರ ಕೊಡದಿದ್ದರೂ ಅವರು ಬೆಳಕಿನ ಬೋರ್ಡಿನ ಹಿಂದೆಯೋ ಮಕ್ಕಳ ನಡುವೆಯೋ ಇರುತ್ತಾರೆ.

ಇನ್ನೊಂದು ಲಾಭ, ಒಂದೇ ಪಾತ್ರವನ್ನು ಹತ್ತಾರು ಸಲ ಆಡಲು ಸಿಗುವುದು. ಪಾತ್ರ ಬೆಳೆಯುವುದು ಎರಡನೇ ಆಟದಲ್ಲಲ್ಲ, ಇಪ್ಪತ್ತನೆಯದರಲ್ಲಿ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ವನ್ನು ಸಾವಿರಾರು ಸಲ ಆಡಿದರು. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಆಟದಲ್ಲಿ ಮಾತಾಗಿ ಬರುತ್ತಿದ್ದರಿಂದ ಅದು ಅವರಿಗೂ ಹಳಸಲಿಲ್ಲ, ನೋಡಿದವರಿಗೂ ಹಳಸಲಿಲ್ಲ. ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ' ರಂಗಕ್ಕೆ ಬಂದದ್ದು 1980ರಲ್ಲಿ. ಬಿ.ವಿ. ರಾಜಾರಾಂ ನಿರ್ದೇಶನದ ಆ ನಾಟಕ ನೂರಾರು ಪ್ರದರ್ಶನ ಕಂಡಿತು, ಮುಖ್ಯಮಂತ್ರಿಯಾಗಿ ಆಡಿದ ಚಂದ್ರು ಅವರ ಹೆಸರಿನ ಮುಂದೆ ಆ ಪಾತ್ರವೇ ಅಂಟಿಕೊಂಡಿತು. ಹೊಸ ತಂಡಗಳು ವರ್ಷಕ್ಕೊಂದು ಹೊಸ ನಾಟಕ ಮಾಡುವ ಹಟ ಬಿಟ್ಟು, ಇರುವ ಒಂದನ್ನೇ ತುಮಕೂರು, ಹಾಸನ, ದಾವಣಗೆರೆಗೆ ಒಯ್ದರೆ ನಟರಿಗೆ ದೊಡ್ಡ ಉಪಕಾರವಾಗುತ್ತದೆ.

ಹೊಟ್ಟೆಪಾಡಿನ ವಿಷಯಕ್ಕೆ ಬಂದರೆ, ಬೇಸಿಗೆ ರಜೆ ಈಗ ರಂಗನಟರಿಗೆ ಸುಗ್ಗಿಯ ಕಾಲ. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥ ಶಿಬಿರಗಳು ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಮಂದಿಗೆ ಕೆಲಸ ಕೊಡುತ್ತವೆ. ಧಾರಾವಾಹಿಯ ದಿನಗೂಲಿ, ಕಂಠದಾನ, ಬೀದಿನಾಟಕ ಎಲ್ಲವೂ ಇವೆ. ಇವನ್ನು ರಾಜಿ ಎಂದು ಹೀಗಳೆಯುವವರಿದ್ದಾರೆ. ಅದು ಸರಿಯಲ್ಲ. ಹಗಲು ಶೂಟಿಂಗಿನಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವ ನಟಿ ರಂಗಭೂಮಿಗೆ ಯಾವ ದ್ರೋಹವನ್ನೂ ಮಾಡಿಲ್ಲ.

ಹೆಣ್ಣುಮಕ್ಕಳ ದಾರಿ ಇನ್ನೂ ಕಡಿದು. ರಾತ್ರಿ ತಡವಾಗಿ ಮನೆಗೆ ಹೋಗುವುದೊಂದೇ ಸಾಕು, ನೆರೆಯವರ ಬಾಯಿಗೆ. ಉಮಾಶ್ರೀ ಅವರು ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ 'ಒಡಲಾಳ'ದಲ್ಲಿ ಮುದುಕಿ ಸಾಕವ್ವನಾದಾಗ ಇನ್ನೂ ಯುವತಿ. ಮುಂದೆ 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಮಂತ್ರಿಪದವಿಯೂ ಬಂತು. ಅದೆಲ್ಲ ಆದ ಮೇಲೂ 'ಶರ್ಮಿಷ್ಠೆ' ಎಂಬ ಏಕವ್ಯಕ್ತಿ ನಾಟಕಕ್ಕಾಗಿ ಅವರು ಮತ್ತೆ ವೇದಿಕೆ ಹತ್ತಿದರು. ತೆರೆಯ ಯಾವ ಯಶಸ್ಸೂ ಕೊಡದ್ದು ಅಲ್ಲಿ ಏನೋ ಇದ್ದೇ ಇದೆ.

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿನ್ನುವವರು ಉತ್ತರ ಕರ್ನಾಟಕದ ಕಂಪನಿ ಕಲಾವಿದರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ, ವಾರಗಟ್ಟಲೆ ಆಟ ನಡೆಯುತ್ತದೆ. ಆ ಕ್ಯಾಂಪಿನ ಗಳಿಕೆಯ ಮೇಲೆ ಮುಂದಿನ ತಿಂಗಳುಗಳು ನಿಂತಿರುತ್ತವೆ. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ಸಂಬಳವಿಲ್ಲ. ಕೊರೊನಾ ಕಾಲದಲ್ಲಿ ಜಾತ್ರೆಗಳೇ ನಿಂತು ಇವರ ಬದುಕು ಅಲ್ಲಾಡಿತು. ಆದರೂ ನೂರಮೂರು ವರ್ಷ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪ ಇದೇ ಪರಂಪರೆಯವರು. ಹುಡುಗನಾಗಿದ್ದಾಗ ಹೆಣ್ಣುವೇಷ, ಬಳಿಕ ಬಸವಣ್ಣನ ಪಾತ್ರ, ಕಲಾವೈಭವ ನಾಟ್ಯ ಸಂಘದ ಯಜಮಾನಿಕೆ. ಸಾಲವೂ ಕಂಡರು, ಸನ್ಮಾನವೂ ಕಂಡರು, ಇಳಿವಯಸ್ಸಿನಲ್ಲೂ ರಂಗಗೀತೆ ಹಾಡಿ ಕಿರಿಯರಿಗೆ ಕಲಿಸಿದರು.

ಇಷ್ಟೆಲ್ಲ ನಟರೇ ಮಾಡಿಕೊಳ್ಳುವುದಾಯಿತು. ಹೊರಗಿನಿಂದ ಆಗಬೇಕಾದದ್ದೂ ಇದೆ, ಅದಕ್ಕೆ ಕೋಟಿಗಳು ಬೇಕಿಲ್ಲ. ಯಾವ ಊರಿನ ತಂಡವನ್ನು ಕೇಳಿದರೂ ಮೊದಲು ಬರುವ ದೂರು ತಾಲೀಮಿಗೆ ಜಾಗವಿಲ್ಲ ಎಂಬುದು. ಸಂಜೆ ಆರರ ಮೇಲೆ ಸರ್ಕಾರಿ ಶಾಲೆಗಳ ಹಾಲ್‌ಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತವೆ. ಮೂರು ತಾಸು ಒಂದು ಕೀಲಿಕೈ, ಒಂದು ಟ್ಯೂಬ್‌ಲೈಟು, ಒಂದು ಕೊಡ ಕುಡಿಯುವ ನೀರು ಕೊಟ್ಟರೆ, ಬದಲಿಗೆ ಆ ಶಾಲೆಯ ಮಕ್ಕಳಿಗೆ ವರ್ಷಕ್ಕೊಂದು ನಾಟಕ ಕಲಿಸಿಕೊಡಲು ತಯಾರಿರುವ ನಟರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.