ವಿಹಂಗಮ ನೋಟದ ಶೂಟರ್ ಆಟಗಳು: ರಚನೆ ಮತ್ತು ಕನ್ನಡ ಲಿಪಿಯ ಪ್ರಶ್ನೆ

ಗಣಕಯಂತ್ರದ ಮೇಲೂ ಮೊಬೈಲಿನ ಮೇಲೂ ಆಡುವ ಆಟಗಳಲ್ಲಿ ಒಂದು ವರ್ಗವುಂಟು. ಅದರಲ್ಲಿ ಆಟಗಾರನು ರಂಗವನ್ನು ನೆತ್ತಿಯ ಮೇಲಿನಿಂದ ನೋಡುತ್ತಾನೆ. ಮಾಂತ್ರಿಕನೋ ಬೇಟೆಗಾರನೋ ಆದ ನಾಯಕನನ್ನು ಎಲ್ಲ ದಿಕ್ಕುಗಳಿಗೂ ಓಡಿಸುತ್ತ, ಸುತ್ತಲಿಂದ ಮುತ್ತಿ ಬರುವ ಭೂತಗಳ ಮೇಲೆ ಬಾಣವನ್ನೋ ಬೆಂಕಿಯುಂಡೆಯನ್ನೋ ಪ್ರಯೋಗಿಸುತ್ತಾನೆ. ಇಂತಹ ಆಟವನ್ನು ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಒಬ್ಬಿಬ್ಬರೋ ನಾಲ್ಕೈದು ಮಂದಿಯೋ ಸೇರಿ ನಿರ್ಮಿಸಿದಾಗ ಅದನ್ನು ‘ಇಂಡೀ’ ಎಂದು ಕರೆಯುವುದು ವಾಡಿಕೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೂ ಈ ಶಬ್ದಕ್ಕೂ ಸಂಬಂಧವಿಲ್ಲವೆಂದು ನಮ್ಮ ಭಾಗದ ವಾಚಕರಿಗೆ ತಿಳಿಸಬೇಕಾದೀತು; ಇದು ಸ್ವತಂತ್ರ ಎಂಬ ಅರ್ಥದ ಇಂಗ್ಲಿಷ್ ಶಬ್ದದ ಮೊಟಕು ರೂಪ. ಈ ಆಟಗಳು ಹೇಗೆ ನಡೆಯುತ್ತವೆ, ಒಬ್ಬನೇ ಕುಳಿತು ರಚಿಸುವುದಕ್ಕೆ ಇವು ಏಕೆ ಒದಗಿಬರುತ್ತವೆ, ಕನ್ನಡದಲ್ಲಿ ರಚಿಸಹೊರಟವನಿಗೆ ತಡೆ ಎಲ್ಲಿ ಉಂಟಾಗುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಹೆಸರಿನ ಮಾತು. ಮೇಲಿನಿಂದ ನೋಡುವ ಆಟವನ್ನು ‘ಮೇಲ್ನೋಟದ ಆಟ’ ಎನ್ನಬಹುದಾಗಿತ್ತು. ಆದರೆ ಕನ್ನಡದಲ್ಲಿ ಮೇಲ್ನೋಟವೆಂದರೆ ಆಳಕ್ಕಿಳಿಯದ ನೋಟ. ‘ಊರ್ಧ್ವದೃಷ್ಟಿ’ ಎಂದರೆ ಮೇಲಕ್ಕೆತ್ತಿದ ಕಣ್ಣು, ಅರ್ಥ ತಿರುಗುಮುರುಗಾಗುತ್ತದೆ. ಆದಕಾರಣ ‘ವಿಹಂಗಮ ನೋಟ’ ಎಂಬ ರೂಢಿಯ ಮಾತನ್ನೇ ಇಲ್ಲಿ ಇಟ್ಟುಕೊಂಡಿದೆ. ‘ಶೂಟರ್’ ಎಂಬುದನ್ನು ಬದಲಿಸುವ ಪ್ರಯತ್ನ ಮಾಡಿಲ್ಲ. ಹುಡುಗರ ಬಾಯಲ್ಲಿ ಅದು ಆಗಲೇ ನೆಲೆನಿಂತಿದೆ.

ಈ ಆಟದ ಸ್ವರೂಪವನ್ನು ತಿಳಿಯಲು ದೂರ ಹೋಗಬೇಕಿಲ್ಲ. ಸುಲೇಪೇಟ, ಚಿಂಚೋಳಿ, ಸೇಡಂ ಕಡೆಯ ಹಿರಿಯರು ಜೋಳದ ಹೊಲದ ನಡುವೆ ಅಟ್ಟಣಿಗೆ ಕಟ್ಟಿ ಹಕ್ಕಿ ಕಾಯುವುದನ್ನು ಬಲ್ಲರು. ತೆನೆ ಹಾಲುಗಟ್ಟಿದಾಗ ಕಾವಲಿನವನು ಎತ್ತರದಲ್ಲಿ ನಿಂತು ನಾಲ್ಕೂ ದಿಕ್ಕನ್ನು ನೋಡುತ್ತಾನೆ. ಹಕ್ಕಿಗಳ ಹಿಂಡು ಯಾವ ಬದಿಯಿಂದ ಇಳಿದರೂ ಅತ್ತ ಕವಣೆ ಬೀಸುತ್ತಾನೆ. ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ ಇಳಿಯುತ್ತದೆ. ಯಾವ ಹಿಂಡನ್ನು ಮೊದಲು ಓಡಿಸಬೇಕು, ಯಾವುದನ್ನು ಕ್ಷಣಕಾಲ ಬಿಡಬಹುದು ಎಂಬ ನಿರ್ಣಯವೇ ಅವನ ಕೌಶಲ. ವಿಹಂಗಮ ನೋಟದ ಶೂಟರ್ ಆಟದ ತಿರುಳೂ ಇದೇ. ಗುರಿಯಿಡುವ ಕೈಚಳಕಕ್ಕಿಂತ, ಎಲ್ಲವೂ ಕಣ್ಣಿಗೆ ಕಾಣುತ್ತಿರುವಾಗ ಎಲ್ಲಿ ನಿಲ್ಲಬೇಕೆಂಬ ವಿವೇಕವೇ ಇಲ್ಲಿ ಹೆಚ್ಚಿನದು.

ಆಟದ ನೆಲವನ್ನು ವಿವರಿಸಲೂ ನಮ್ಮ ಮನೆಗಳೇ ಸಾಕು. ಶಹಾಬಾದಿನ ಹಾಸುಗಲ್ಲುಗಳನ್ನು ಚೌಕವಾಗಿ ಕಡಿದು ಜೋಡಿಸಿದ ಪಡಸಾಲೆ ಹೇಗಿರುತ್ತದೆಯೋ, ಪರದೆಯ ಮೇಲಿನ ನೆಲವೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಹತ್ತಿಪ್ಪತ್ತು ಬಗೆಯ ಚೌಕಗಳನ್ನು ಬರೆದಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಹಾಸಿದರೆ ಕೋಟೆ, ಕಾಡು, ಸುರಂಗ ಎಲ್ಲವೂ ಆದವು. ಇಂತಹ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಗೀಟೆಳೆದು ಚೌಕಾಬಾರ ಆಡಿದವರಿಗೆ ಮೇಲಿನಿಂದ ರಂಗವನ್ನು ನೋಡುವ ಅಭ್ಯಾಸ ಹೊಸದಲ್ಲ. ಒಂದು ವಿಶೇಷವನ್ನು ಮಾತ್ರ ಗಮನಿಸಬೇಕು: ನೆಲವು ಮೇಲಿನಿಂದ ಕಂಡರೂ ನಾಯಕನು ಎದುರಿನಿಂದ ಕಾಣುತ್ತಾನೆ. ನಿಜವಾಗಿ ನೆತ್ತಿಯಿಂದ ನೋಡಿದರೆ ಮನುಷ್ಯನೆಂದರೆ ಒಂದು ತಲೆ, ಎರಡು ಭುಜ. ಅದರಲ್ಲಿ ಗುರುತು ಸಿಕ್ಕದು. ದಖನ್ನಿನ ಕಿರುಚಿತ್ರಗಳಲ್ಲಿ ಜಮಖಾನೆಯನ್ನು ಮೇಲಿನಿಂದಲೂ ಅದರ ಮೇಲೆ ಕುಳಿತವರನ್ನು ಬದಿಯಿಂದಲೂ ತೋರಿಸುವ ಪದ್ಧತಿಯಿದೆಯಷ್ಟೆ. ಆಟಗಳ ಚಿತ್ರಕಾರರು ಅದೇ ಉಪಾಯವನ್ನು ತಾವಾಗಿ ಕಂಡುಕೊಂಡಂತಿದೆ.

ಈ ಪ್ರಕಾರದ ಹುಟ್ಟನ್ನು ಸಂಕ್ಷೇಪವಾಗಿ ಹೇಳಬಹುದು. ೧೯೮೨ರಲ್ಲಿ ಅಮೆರಿಕದ ಯೂಜೀನ್ ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್ ಎಂಬಿಬ್ಬರು ‘ರೋಬೊಟ್ರಾನ್ ೨೦೮೪’ ಎಂಬ ಆಟವನ್ನು ರಚಿಸಿದರು. ಅದರಲ್ಲಿ ಎರಡು ಜಾಯ್‌ಸ್ಟಿಕ್‌ಗಳು: ಒಂದು ನಡೆಯುವುದಕ್ಕೆ, ಇನ್ನೊಂದು ಹೊಡೆಯುವುದಕ್ಕೆ. ಅಪಘಾತದಲ್ಲಿ ಜಾರ್ವಿಸನ ಬಲಗೈಗೆ ಪೆಟ್ಟಾಗಿ ಗುಂಡಿ ಒತ್ತುವುದು ಕಷ್ಟವಾಗಿದ್ದುದೂ ಈ ಏರ್ಪಾಡಿಗೆ ಒಂದು ಕಾರಣ. ನಡೆಯುವ ದಿಕ್ಕು ಹೊಡೆಯುವ ದಿಕ್ಕಿನಿಂದ ಬೇರೆಯಾದದ್ದೇ ಇಲ್ಲಿ ಮುಖ್ಯ. ಹಿಮ್ಮೆಟ್ಟುತ್ತಲೇ ಹೋರಾಡುವುದು ಅಂದಿನಿಂದ ಸುಲಭಸಾಧ್ಯವಾಯಿತು. ೧೯೮೫ರಲ್ಲಿ ಎಡ್ ಲಾಗ್ ರೂಪಿಸಿದ ‘ಗಾಂಟ್‌ಲೆಟ್’ ಆಟವು ಇದಕ್ಕೆ ಅದ್ಭುತಕಥೆಯ ವೇಷ ತೊಡಿಸಿತು. ಯೋಧ, ಮಾಂತ್ರಿಕ ಮೊದಲಾದ ನಾಲ್ವರು ಒಂದೇ ಪರದೆಯಲ್ಲಿ ಸುರಂಗಗಳನ್ನು ಹೊಗುವರು. ಭೂತಗಳನ್ನು ಎಡೆಬಿಡದೆ ಹೊರಗೆ ಕಳಿಸುವ ಗೂಡನ್ನೇ ಒಡೆಯದಿದ್ದರೆ ಅವುಗಳಿಗೆ ಕೊನೆಯಿಲ್ಲ. ಇನ್ನು ೧೯೮೦ರ ‘ರೋಗ್’ ಎಂಬ ಆಟವು ಪ್ರತಿ ಸಲವೂ ಹೊಸ ಸುರಂಗವನ್ನು ಯಂತ್ರದಿಂದಲೇ ಕಟ್ಟಿಸುವ, ಸತ್ತರೆ ಮೊದಲಿನಿಂದ ಆರಂಭಿಸುವ ಕ್ರಮವನ್ನು ತಂದಿತ್ತು. ಈಗಿನ ಸ್ವತಂತ್ರ ನಿರ್ಮಾಪಕರ ಬಂಡವಾಳ ಬಹಳಮಟ್ಟಿಗೆ ಈ ಮೂರರಿಂದ ಬಂದದ್ದು.

ಈಗ ಒಳಗಿನ ಲೆಕ್ಕಕ್ಕೆ ಬರೋಣ. ಆಟವು ಸಾಮಾನ್ಯವಾಗಿ ಸೆಕೆಂಡಿಗೆ ೬೦ ಬಾರಿ ತನ್ನ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಪ್ರತಿಯೊಂದು ಬಾರಿಯೂ ಎಲ್ಲರನ್ನೂ ಸ್ವಲ್ಪ ಸರಿಸಿ, ಯಾರು ಯಾರಿಗೆ ತಗುಲಿದರೆಂದು ನೋಡಬೇಕು. ಸುಲೇಪೇಟದ ವಿದ್ಯಾರ್ಥಿಯೊಬ್ಬನು ಇಂತಹ ಆಟವನ್ನು ಬರೆಯಲು ತೊಡಗಿದನೆಂದು ಇಟ್ಟುಕೊಳ್ಳೋಣ. ಅವನು ಮೊದಲು ಮಾಡುವ ತಪ್ಪು ಇದು: ಬಲಕ್ಕೆ ಒಂದು ಹೆಜ್ಜೆ, ಮೇಲಕ್ಕೆ ಒಂದು ಹೆಜ್ಜೆ ಎಂದು ಎರಡನ್ನೂ ಕೂಡಿಸಿಬಿಡುತ್ತಾನೆ, ಆಗ ಓರೆಯಾಗಿ ಓಡುವ ನಾಯಕನು ನೆಟ್ಟಗೆ ಓಡುವವನಿಗಿಂತ ೧.೪೧ ಪಟ್ಟು ವೇಗವಾಗುತ್ತಾನೆ. ಚೌಕದ ಕರ್ಣವು ಬಾಹುವಿಗಿಂತ ಎಷ್ಟು ದೊಡ್ಡದೆಂಬುದು ಶುಲ್ಬಸೂತ್ರಕಾರರಿಗೇ ತಿಳಿದಿದ್ದ ಲೆಕ್ಕ. ದಿಕ್ಕಿನ ಉದ್ದವನ್ನು ಮೊದಲು ಒಂದಕ್ಕೆ ಇಳಿಸಿ ಆಮೇಲೆ ವೇಗದಿಂದ ಗುಣಿಸಿದರೆ ದೋಷ ಪರಿಹಾರವಾಗುತ್ತದೆ.

ಎರಡನೆಯದು ತಗುಲಿಕೆಯ ಪರೀಕ್ಷೆ. ಭೂತವನ್ನೂ ಬಾಣವನ್ನೂ ಒಂದೊಂದು ವೃತ್ತವೆಂದು ಭಾವಿಸಿ, ಕೇಂದ್ರಗಳ ನಡುವಣ ದೂರ ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆಯಾದರೆ ತಗುಲಿತೆಂದು ತಿಳಿಯಬೇಕು. ಒಂದು ಜೋಡಿಗೆ ಇದು ಅಲ್ಪ ಕೆಲಸ. ಆದರೆ ೨೦೦ ಭೂತಗಳೂ ೩೦೦ ಬಾಣಗಳೂ ಇದ್ದರೆ ಒಂದು ಚಿತ್ರಕ್ಕೆ ೬೦,೦೦೦ ಪರೀಕ್ಷೆ, ಸೆಕೆಂಡಿಗೆ ೩೬ ಲಕ್ಷ. ಹಳೆಯ ಮೊಬೈಲು ಏದುಸಿರು ಬಿಡುವುದು ಇಲ್ಲಿಯೇ. ಪರಿಹಾರಕ್ಕೆ ಮತ್ತೆ ಶಹಾಬಾದಿನ ಕಲ್ಲನ್ನು ನೆನೆಯೋಣ. ಯಾವ ಭೂತ ಯಾವ ಹಾಸುಗಲ್ಲಿನ ಮೇಲೆ ನಿಂತಿದೆಯೆಂಬ ಪಟ್ಟಿಯನ್ನು ಇಟ್ಟುಕೊಂಡರೆ, ಬಾಣವು ತಾನಿರುವ ಕಲ್ಲನ್ನೂ ಸುತ್ತಲಿನ ಎಂಟು ಕಲ್ಲುಗಳನ್ನೂ ವಿಚಾರಿಸಿದರೆ ಸಾಕು. ಬಾಣವು ಭೂತಕ್ಕಿಂತ ಚಿಕ್ಕದಾಗಿದ್ದು, ಕಲ್ಲಿನ ಅಗಲ ಭೂತದ ಅಗಲಕ್ಕಿಂತ ಕಡಿಮೆಯಾಗಿರಬಾರದು, ಅಷ್ಟೇ ನಿಯಮ.

ಇನ್ನೊಂದು ವಿಚಿತ್ರ. ಸೆಕೆಂಡಿಗೆ ೧೨೦೦ ಬಿಂದುಗಳಷ್ಟು ಓಡುವ ಬಾಣ ಒಂದು ಚಿತ್ರದಿಂದ ಮತ್ತೊಂದಕ್ಕೆ ೨೦ ಬಿಂದು ಜಿಗಿಯುತ್ತದೆ. ಎದುರಿಗಿರುವ ಭೂತದ ಅಗಲ ೧೨ ಬಿಂದುವಾದರೆ, ಬಾಣ ಅದರ ಈಚೆ ಒಮ್ಮೆ, ಆಚೆ ಒಮ್ಮೆ ಕಾಣಿಸಿಕೊಂಡು, ನಡುವೆ ಎಲ್ಲಿಯೂ ಇಲ್ಲದೆ ಹೋಗಬಹುದು. ಆಟಗಾರನು ಮೋಸವಾಯಿತೆನ್ನುತ್ತಾನೆ, ಅವನ ದೂರು ನ್ಯಾಯವಾದದ್ದೇ. ಹಿಂದಿನ ಸ್ಥಾನಕ್ಕೂ ಈಗಿನ ಸ್ಥಾನಕ್ಕೂ ಗೆರೆಯೆಳೆದು ಆ ಗೆರೆಯನ್ನೇ ಪರೀಕ್ಷಿಸುವುದು ಇದಕ್ಕೆ ಮದ್ದು. ನ್ಯಾಯದ ಮಾತು ಬಂದದ್ದರಿಂದ ಇದನ್ನೂ ಹೇಳಬಹುದು: ಒಳ್ಳೆಯ ಆಟಗಳಲ್ಲಿ ನಾಯಕನ ವೃತ್ತವನ್ನು ಅವನ ಚಿತ್ರಕ್ಕಿಂತ ಬೇಕೆಂದೇ ಚಿಕ್ಕದಾಗಿ ಇಟ್ಟಿರುತ್ತಾರೆ. ಬಟ್ಟೆಯ ಅಂಚನ್ನು ಸವರಿಹೋದ ಬೆಂಕಿ ಸುಡುವುದಿಲ್ಲ. ಆಟಗಾರನು ಅದನ್ನು ತನ್ನ ಚಾತುರ್ಯವೆಂದೇ ಎಣಿಸುತ್ತಾನೆ.

ಇಷ್ಟನ್ನು ವಿಸ್ತರಿಸಿದ್ದಕ್ಕೆ ಕಾರಣವಿದೆ. ಇಲ್ಲಿ ಬೇಕಾದ ಗಣಿತ ಪದವಿಪೂರ್ವ ತರಗತಿಯದು. ಬೇಕಾದ ಚಿತ್ರಗಳು ಸಣ್ಣವು. ಬೀಳುವಿಕೆ, ಏರುವಿಕೆಗಳ ಭೌತಶಾಸ್ತ್ರ ಬಹುತೇಕ ಬೇಡ. ಆದಕಾರಣವೇ ಈ ಪ್ರಕಾರ ಸಣ್ಣ ಗುಂಪುಗಳಿಗೆ ಒಲಿದದ್ದು. ೨೦೧೧ರ ‘ದಿ ಬೈಂಡಿಂಗ್ ಆಫ್ ಐಸಾಕ್’ ಎಡ್ಮಂಡ್ ಮೆಕ್‌ಮಿಲನ್ ಮತ್ತು ಫ್ಲೋರಿಯನ್ ಹಿಮ್ಸ್ಲ್ ಎಂಬಿಬ್ಬರ ಕೃತಿ. ಅದರಲ್ಲಿ ಹೆದರಿದ ಬಾಲಕನೊಬ್ಬನು ತನ್ನ ಕಣ್ಣೀರನ್ನೇ ಬಾಣವಾಗಿ ಬಳಸುತ್ತಾನೆ. ೨೦೧೬ರ ‘ಎಂಟರ್ ದ ಗಂಜನ್’ ಆಟವನ್ನು ಡಾಡ್ಜ್ ರೋಲ್ ಎಂಬ ಪುಟ್ಟ ತಂಡ ರಚಿಸಿತು; ಉರುಳಿ ತಪ್ಪಿಸಿಕೊಳ್ಳುವಾಗ ಉರುಳಿನ ಮೊದಲ ಅರ್ಧದಲ್ಲಿ ಯಾವ ಪೆಟ್ಟೂ ತಗಲದೆಂಬ ಒಂದೇ ನಿಯಮದ ಮೇಲೆ ಇಡೀ ಆಟ ನಿಂತಿದೆ. ಲೂಕಾ ಗಲಾಂತೆ ಎಂಬವನು ೨೦೨೧ರಲ್ಲಿ ಅಪೂರ್ಣ ರೂಪದಲ್ಲಿ ಹೊರತಂದು ೨೦೨೨ರಲ್ಲಿ ಪೂರ್ಣಗೊಳಿಸಿದ ‘ವ್ಯಾಂಪೈರ್ ಸರ್ವೈವರ್ಸ್’ನಲ್ಲಿ ಆಯುಧಗಳು ತಾವಾಗಿಯೇ ಹೊಡೆಯುತ್ತವೆ, ಆಟಗಾರನು ನಡೆಯುವುದಷ್ಟೇ. ಅಟ್ಟಣಿಗೆಯ ಕಾವಲಿನವನ ವಿವೇಕವನ್ನು ಮಾತ್ರ ಉಳಿಸಿಕೊಂಡು ಮಿಕ್ಕೆಲ್ಲವನ್ನೂ ಕಳೆದ ಆ ಆಟಕ್ಕೆ ೨೦೨೩ರಲ್ಲಿ ಬಾಫ್ಟಾ ಸಂಸ್ಥೆಯ ಶ್ರೇಷ್ಠ ಆಟದ ಪ್ರಶಸ್ತಿ ದೊರೆಯಿತು. ಇವು ಯಾವುವೂ ಹಣವಿಟ್ಟು ಆಡುವ ಜೂಜಿನ ಆಟಗಳಲ್ಲ; ೨೦೨೫ರಲ್ಲಿ ಕೇಂದ್ರವು ಕಾನೂನಿನಿಂದ ನಿಷೇಧಿಸಿದ್ದು ಹಣದ ಆಟಗಳನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಉಂಟಾದ್ದರಿಂದ ಈ ಮಾತು.

ನಮ್ಮ ನಾಡಿನಲ್ಲಿ ಈ ಉದ್ಯಮವೆಂದರೆ ಬೆಂಗಳೂರು. ೧೯೯೭ರಲ್ಲಿ ಅಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ವಿದೇಶದ ಆಟಗಳಿಗೆ ಚಿತ್ರಾಂಗಗಳನ್ನು ಒದಗಿಸಿ ಹೆಸರಾಯಿತು. ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆಗೆ ಸೇರಿತು. ೨೦೧೨ರಲ್ಲಿಯೇ ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಆಟಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಆದರೆ ಸುಲೇಪೇಟದವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ೧೮೭೪ರ ವಾಡಿ–ಸಿಕಂದರಾಬಾದ್ ರೈಲುಮಾರ್ಗ ಚಿತ್ತಾಪುರ, ಸೇಡಂಗಳನ್ನು ಹಾಯ್ದು ಅತ್ತಲೇ ಹೋಗುತ್ತದೆ. ೧೯೫೬ರವರೆಗೆ ಈ ಸೀಮೆಯ ರಾಜಧಾನಿಯೂ ಅದೇ ಆಗಿತ್ತು. ನಮ್ಮ ವಿಷಯಕ್ಕೆ ಹತ್ತಿರದ ಉದಾಹರಣೆಯೂ ಅಲ್ಲಿಯೇ ದೊರೆಯುತ್ತದೆ: ಓಗರ್ ಹೆಡ್ ಸ್ಟುಡಿಯೋ ೨೦೧೭ರಲ್ಲಿ ಹೊರತಂದ ‘ಅಸುರ’. ಅದೂ ಮೇಲಿನಿಂದ ಕಾಣುವ ಆಟ. ಎಸೆಯುವುದಕ್ಕಿಂತ ಕಡಿಯುವುದು ಹೆಚ್ಚಾದ್ದರಿಂದ ಶೂಟರ್ ಎಂದು ಪೂರ್ಣವಾಗಿ ಕರೆಯಲಾಗದು. ಪುರಾಣಲೋಕವನ್ನು ಅಸುರನ ಪಕ್ಷದಿಂದ ನೋಡಿರುವುದು ಅದರ ವಿಶೇಷ.

ಪುರಾಣದ ವಸ್ತುವು ಈ ಪ್ರಕಾರಕ್ಕೆ ಎಷ್ಟು ಹೊಂದುತ್ತದೆಯೆಂಬುದನ್ನು ನಿರ್ಮಾಪಕರು ಇನ್ನೂ ಪೂರ್ತಿ ಕಂಡಂತಿಲ್ಲ. ಭಾರತದ ಅಸ್ತ್ರವು ಬರಿಯ ಬಾಣವಲ್ಲ. ಅದಕ್ಕೆ ಮಂತ್ರವಿದೆ, ಉಪಸಂಹಾರವಿದೆ, ಪ್ರತ್ಯಸ್ತ್ರವಿದೆ. ಆಗ್ನೇಯಕ್ಕೆ ವಾರುಣ. ಬಿಟ್ಟದ್ದನ್ನು ಹಿಂದಕ್ಕೆ ಕರೆಯಲು ಬಾರದವನು ಬಿಡಲೇಬಾರದು. ಇವೆಲ್ಲವೂ ಆಟದ ನಿಯಮಗಳಾಗಿ ಈಗಲೇ ಸಿದ್ಧವಾಗಿರುವಂಥವು. ನಮ್ಮ ವಿದ್ಯಾರ್ಥಿಯು ಮಳಖೇಡದ ಕೋಟೆಯನ್ನು ರಂಗವಾಗಿ, ಇಂತಹ ಅಸ್ತ್ರಗಳನ್ನು ಆಯುಧವಾಗಿ ಇಟ್ಟುಕೊಂಡನೆನ್ನೋಣ. ಆಟ ನಡೆಯಿತು, ಭೂತಗಳು ಬಂದವು. ಬಳಿಕ ಅವನು ಆಯುಧದ ಹೆಸರನ್ನು ಪರದೆಯ ಮೇಲೆ ಬರೆಯುತ್ತಾನೆ. ‘ಅಸ್ತ್ರ’ ಎಂದು ಕೊಟ್ಟರೆ ‘ಅಸ್‌ತ್‌ರ’ ಎಂದು ಬರುತ್ತದೆ.

ಇದು ಏಕೆಂದು ತಿಳಿಯಬೇಕು. ೧೯೯೧ರಿಂದ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ‘ಸ್ತ್ರೀ’ ಎಂಬ ಒಂದಕ್ಷರ ಅಲ್ಲಿ ಆರು ಸಂಕೇತಗಳಾಗಿ ಉಳಿಯುತ್ತದೆ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ. ಇವನ್ನು ಕೂಡಿಸಿ ಒತ್ತಕ್ಷರ ಮಾಡುವುದು ಲಿಪಿ ಜೋಡಣೆಯ ಕೆಲಸ. ‘ಸೂರ್ಯ’ದಲ್ಲಿ ರೇಫವು ಸಂಗ್ರಹದಲ್ಲಿ ಮೊದಲು, ಕಣ್ಣಿಗೆ ಆಮೇಲೆ. ರೋಮನ್ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಮುಗಿಯಿತೆಂದು ತಿಳಿದು ಕಟ್ಟಿದ ಆಟದ ಎಂಜಿನ್‌ಗಳಿಗೆ ಇದು ಗೊತ್ತಿಲ್ಲ. ಬಹುಮಂದಿ ಬಳಸುವ ಯೂನಿಟಿಯಲ್ಲಿಯೂ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಸಾಧನ ತಾನಾಗಿ ಈ ಜೋಡಣೆಯನ್ನು ಮಾಡುವುದಿಲ್ಲ. ಹೀಗಾಗಿ ಗಣಿತವನ್ನೂ ಚಿತ್ರವನ್ನೂ ಗೆದ್ದವನು ತನ್ನ ಅಕ್ಷರದಲ್ಲಿ ಸೋತು, ಕೊನೆಗೆ ಇಂಗ್ಲಿಷಿನಲ್ಲಿಯೇ ಬರೆದುಬಿಡುತ್ತಾನೆ. ಇದನ್ನು ಭಾಷಾಭಿಮಾನದ ಕೊರತೆಯೆಂದು ದೂರುವುದು ಸರಿಯಲ್ಲ.

ಬಳಕೆಗೆ ಬರುವ ಉಪಾಯಗಳು ಎರಡು ಮೂರು. ಪದಗಳನ್ನು ಚಿತ್ರವಾಗಿ ಬರೆದಿಡುವುದು ಒಂದು. ಶೀರ್ಷಿಕೆಗೆ ಅದು ಸಾಕು, ಸಂಭಾಷಣೆಗೆ ಸಾಲದು. ನುಡಿಯ ಹಳೆಯ, ಯೂನಿಕೋಡಲ್ಲದ ಅಕ್ಷರಶೈಲಿಗಳನ್ನು ಬಳಸುವುದು ಇನ್ನೊಂದು. ಅವುಗಳಲ್ಲಿ ಒತ್ತು, ಗುಣಿತಗಳ ತುಂಡುಗಳೇ ಕಾಣುವ ಕ್ರಮದಲ್ಲಿ ಸಂಗ್ರಹವಾಗಿರುವುದರಿಂದ, ಏನೂ ತಿಳಿಯದ ಎಂಜಿನ್ ಕೂಡ ಅವನ್ನು ಸರಿಯಾಗಿ ತೋರಿಸುತ್ತದೆ. ಹಳೆಯದೆಂದು ಬಿಟ್ಟ ಪದ್ಧತಿ ಇಲ್ಲಿ ಕೈಹಿಡಿಯುವುದು ವಿನೋದವೇ ಸರಿ. ಆದರೆ ಬರೆದದ್ದನ್ನು ಹುಡುಕಲಾಗದು, ತಿದ್ದುವುದೂ ಕಷ್ಟ. ಮೂರನೆಯದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಲಿಪಿ ಜೋಡಣೆಯೇ ಅದರ ಕಸಬು. ಅದರ ಹೆಸರು ಪಾರಸಿಯದು. ಹರ್ಫ್ ಎಂದರೆ ಅಕ್ಷರವೆಂದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದ ನಮ್ಮ ಸೀಮೆಯ ಮುದುಕರು ನಿಘಂಟು ನೋಡದೆ ಹೇಳಿಯಾರು. ೨೦೨೩ರ ಮಾರ್ಚಿಯಲ್ಲಿ ಹೊರಬಂದ ಗೋಡೋ ೪.೦ ಎಂಬ ಉಚಿತ ಎಂಜಿನ್‌ನಲ್ಲಿ ಇದು ಅಡಕವಾಗಿದೆ; ಅದರಲ್ಲಿ ಕನ್ನಡದ ಯೂನಿಕೋಡ್ ಅಕ್ಷರಶೈಲಿಯೊಂದನ್ನು ಸೇರಿಸಿದರೆ ಒತ್ತಕ್ಷರಗಳು ಮುರಿಯದೆ ನಿಲ್ಲುತ್ತವೆ.

ಈ ಆಟಗಳಲ್ಲಿ ಬರಹದ ಪ್ರಮಾಣ ಅಲ್ಪ: ಆಯುಧದ ಹೆಸರು, ಅದರ ಗುಣವನ್ನು ಹೇಳುವ ಒಂದೆರಡು ಸಾಲು, ಅಂಗಡಿಯವನ ಮಾತು, ಸತ್ತಾಗ ಬರುವ ವಾಕ್ಯ. ಅಂಗಡಿಯವನು ಕಲಬುರಗಿಯ ಆಡುಮಾತಿನಲ್ಲಿಯೇ ಬೆಲೆ ಹೇಳಬಹುದು. ಅದಕ್ಕೆ ತಂತ್ರದ ಅಡ್ಡಿಯಿಲ್ಲ. ರಚನೆಗೆ ತೊಡಗುವ ವಿದ್ಯಾರ್ಥಿಯು ಭೂತಗಳನ್ನು ಬರೆಯುವುದಕ್ಕೆ ಮುಂಚೆ, ಮೊದಲ ದಿನವೇ, ಬರಿಯ ಪರದೆಯ ಮೇಲೆ ಅಸ್ತ್ರ, ಸ್ತ್ರೀ, ಸೂರ್ಯ ಎಂಬ ಮೂರು ಪದಗಳನ್ನು ಇಟ್ಟು ನೋಡಬೇಕು. ಅವು ಮುರಿದು ಬಂದರೆ ಎಂಜಿನ್ನನ್ನು ಆ ದಿನವೇ ಬದಲಿಸಬಹುದು. ಆರು ತಿಂಗಳ ಮೇಲೆ ಬದಲಿಸುವುದಾಗದು.