ಮಿಥಿಲೆಯ ಸಿಕ್ಕಿ ಹುಲ್ಲು

ತುಚ್ಛವಾದುದನ್ನು ಹುಲ್ಲುಕಡ್ಡಿಯೆನ್ನುವುದೂ, ಅಲಕ್ಷಿಸುವುದನ್ನು ತೃಣೀಕರಿಸುವುದೆನ್ನುವುದೂ ನಮ್ಮ ನುಡಿಯ ರೂಢಿ. ಆದರೆ ಜನಕರಾಜನ ನಾಡೆಂದು ಪ್ರಸಿದ್ಧವಾದ ಮಿಥಿಲೆಯ ಗೃಹಿಣಿಯರು ಹುಲ್ಲನ್ನು ತೃಣೀಕರಿಸಿದವರಲ್ಲ. ಅವರ ಕೈಯಲ್ಲಿ ಅದು ಮಗಳ ಬಳುವಳಿಯಾಗಿದೆ.

ಬಿಹಾರದ ಉತ್ತರಭಾಗದಲ್ಲಿ, ೧೯೭೨ರಲ್ಲಿ ದರ್ಭಂಗಾದಿಂದ ಬೇರ್ಪಟ್ಟ ಮಧುಬನಿ ಜಿಲ್ಲೆಯಲ್ಲಿಯೂ ಸೀತಾಮಢಿ ಮೊದಲಾದೆಡೆಗಳಲ್ಲಿಯೂ ಈ ಕಸುಬು ನಡೆದುಬಂದಿದೆ. ಹೊಳೆಯ ಪಕ್ಕದ ಜೌಗಿನಲ್ಲಿ, ಕೊಳಗಳ ಅಂಚಿನಲ್ಲಿ ಸಿಕ್ಕಿಯು ತಾನಾಗಿ ಬೆಳೆಯುತ್ತದೆ, ಬಿತ್ತುವವರಿಲ್ಲ. ಮಳೆಗಾಲ ಕಳೆದ ಮೇಲೆ ಹೂಬಿಟ್ಟ ಕಡ್ಡಿಗಳನ್ನು ಕೊಯ್ದು, ತೆನೆಯನ್ನು ತೆಗೆದುಹಾಕಿ ಒಣಗಿಸಿದರೆ ಅವು ಹೊನ್ನಿನ ಬಣ್ಣವನ್ನು ತಾಳುತ್ತವೆ. ಕೆಲವನ್ನು ಬಣ್ಣದ ನೀರಿನಲ್ಲಿ ಕುದಿಸಿ ಕೆಂಪು, ಹಸಿರು ಮಾಡಿಕೊಳ್ಳುವುದೂ ಉಂಟು.

ಹೊರಗೆ ಕಾಣುವುದು ಸಿಕ್ಕಿಯಾದರೂ ಒಳಗಿನ ತಿರುಳು ಒರಟಾದ ಮುಂಜದ ಹುಲ್ಲು. ಮುಂಜದ ಕಟ್ಟನ್ನು ಸಿಂಬಿಯಂತೆ ಸುತ್ತಿನ ಮೇಲೆ ಸುತ್ತಾಗಿ ಏರಿಸುತ್ತ, ಟಕುವಾ ಎಂಬ ಕಬ್ಬಿಣದ ದಬ್ಬಳದಿಂದ ಕೆಳಗಣ ಸುತ್ತನ್ನು ಚುಚ್ಚಿ, ಸೀಳಿದ ಸಿಕ್ಕಿಯ ಎಳೆಯನ್ನು ತೂರಿಸಿ ಬಿಗಿಯುತ್ತಾರೆ. ಹೀಗೆ ಬುಟ್ಟಿಗಳೂ, ಮಕ್ಕಳ ಆಟಿಕೆಗಳೂ, ಪೌತಿಯೆಂಬ ಮುಚ್ಚಳದ ಕರಂಡಕವೂ ಸಿದ್ಧವಾಗುತ್ತವೆ. ಮದುವೆಯಾದ ಹೆಣ್ಣು ಪೌತಿಯಲ್ಲಿ ತನ್ನ ಒಡವೆಗಳನ್ನಿಟ್ಟುಕೊಂಡು ಗಂಡನ ಮನೆಗೆ ಹೋಗುವಳು.

ಈ ಮುಂಜವು ನಮಗೆ ಹೊಸತಲ್ಲ. ವಟುವಿನ ನಡುವಿಗೆ ಕಟ್ಟುವ ಮೌಂಜಿ ಇದರದೇ. ಉಪನಯನಕ್ಕೆ ಕನ್ನಡದಲ್ಲಿ ಮುಂಜಿಯೆಂಬ ಹೆಸರು ಬಂದುದೂ ಇದರಿಂದಲೇ. ಮುಂಜ ದೊರೆಯದಿದ್ದಲ್ಲಿ ದರ್ಭೆಯಾದರೂ ಆಗಬಹುದೆಂದು ಮನುಸ್ಮೃತಿಯು ವಿಧಿಸಿದೆ. ಮಗನ ಮುಂಜಿಗೂ ಮಗಳ ಮದುವೆಗೂ ಒಂದೇ ಹುಲ್ಲು ಒದಗಿತೆಂಬುದು ಸಂತೋಷದ ಸಂಗತಿಯಷ್ಟೆ.

ಮನೆಯ ಬಳಕೆಗಾಗಿ ಹುಟ್ಟಿದ ಈ ಕೆಲಸವು ಈಗ ಪೇಟೆಗೂ ಬಂದಿದೆ. ೧೯೯೯ರ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಬಿಹಾರದ ಸಿಕ್ಕಿ ಕೆಲಸವು ನೋಂದಣಿಯಾಗಿದೆ. ಇದರಿಂದ ಹೆಸರನ್ನು ಕದಿಯುವವರನ್ನು ತಡೆಯಬಹುದು. ಆದರೆ ಜೌಗುಭೂಮಿಯನ್ನು ಮಣ್ಣಿನಿಂದ ತುಂಬುವವರನ್ನು ಆ ಕಾಯಿದೆ ತಡೆಯಲಾರದು. ನೆಲವು ಬತ್ತಿದರೆ ಸಿಕ್ಕಿಯೂ ಇಲ್ಲ. ಹೆಂಗಸರು ದಿನಗಟ್ಟಲೆ ಕುಳಿತು ಸುತ್ತಿದ ಕೆಲಸಕ್ಕೆ ತಕ್ಕ ಕೂಲಿಯನ್ನೂ ಅದು ಗೊತ್ತುಮಾಡದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಸಂತೆಯಲ್ಲಾಗಲಿ ಪ್ರದರ್ಶನದಲ್ಲಾಗಲಿ ಇಂಥ ಕರಂಡಕವೊಂದು ಕಣ್ಣಿಗೆ ಬಿದ್ದಾಗ, ಪುಕ್ಕಟೆ ಸಿಕ್ಕಿದ ಹುಲ್ಲಿಗೆ ಇಷ್ಟು ಬೆಲೆಯೇ ಎಂದು ಚೌಕಾಸಿಗೆ ಇಳಿಯಬಾರದು. ಹುಲ್ಲು ಪುಕ್ಕಟೆಯಾಗಿರಬಹುದು, ಅದನ್ನು ಕೊಯ್ದು ಸೀಳಿ ಸುತ್ತಿದ ಶ್ರಮವು ಪುಕ್ಕಟೆಯಲ್ಲ.